ಓಟು ಕೇಳಿದ ಬಾಗಿಲಿಗೇ ಮತ್ತೆ ಹಾಲು ಹೊತ್ತ ಕಾಳಮ್ಮ

ಬೆಳಕು ಇನ್ನೂ ಹರಿದಿಲ್ಲ. ಹಾರಂಗಿ ಹಿನ್ನೀರಿನ ಕಡೆಯಿಂದ ಎದ್ದ ಮಂಜು ಸೀಗೆಕೊಪ್ಪಲಿನ ಹೆಂಚುಗಳ ಮೇಲೆ ಕೂತುಬಿಟ್ಟಿದೆ. ಕೊಟ್ಟಿಗೆಯ ಒಂಟಿ ಬಲ್ಬಿನ ಕೆಳಗೆ ಕಾಳಮ್ಮ ಕುಕ್ಕರಗಾಲಲ್ಲಿ ಕೂತು ಕೊನೆಯ ಹಸುವಿನ ಹಾಲು ಕರೆಯುತ್ತಿದ್ದಾರೆ. ಗಂಡ ಸಣ್ಣಸ್ವಾಮಿ ಕರುವನ್ನು ಹಿಡಿದು ನಿಂತಿದ್ದಾರೆ. ಇಬ್ಬರ ನಡುವೆ ಮಾತಿಲ್ಲ. ಹಸು ಹಾಲು ಇಳಿಸುವಾಗ ಮಾತಾಡಿದರೆ ಅದು ಬಿಗಿಹಿಡಿಯುತ್ತದೆ ಎಂಬುದು ಈ ಮನೆಯವರ ನಂಬಿಕೆ.

ಒಂದಿಷ್ಟು ಹಾಲು ಡೈರಿಗೆ. ಉಳಿದದ್ದು ವರ್ತನೆಯ ಮನೆಗಳಿಗೆ, ಅಂದರೆ ಕಾಳಮ್ಮ ದಿನಾ ಬೆಳಿಗ್ಗೆ ಸಂಜೆ ಹೊತ್ತುಕೊಂಡು ಹೋಗಿ ಹಾಕುವ ಮೂವತ್ತು ಚಿಲ್ಲರೆ ಮನೆಗಳಿಗೆ. ಎರಡು ಕ್ಯಾನು, ಒಂದು ಅಳತೆ ಪಾವು, ತಲೆಗೊಂದು ಟವೆಲ್ಲು. ಕಾಫಿ ತೋಟದ ಬೇಲಿಯ ಪಕ್ಕದ ದಾರಿಯಲ್ಲಿ ಹೊರಟರೆ ಹೊಸ ಬಡಾವಣೆ, ತೋಟದ ಕೂಲಿಯವರ ಲೈನು ಮನೆಗಳು, ಶಾಲೆಯ ಹಿಂದಿನ ಬೀದಿ ಸುತ್ತಿ ಬರುವಾಗ ಬಿಸಿಲು ನೆತ್ತಿಯ ಕಡೆ ಹತ್ತುತ್ತಿರುತ್ತದೆ. ಹಾಲಿಗೆ ಒಂದು ಮನೆಯಲ್ಲಿ ಪಾಲ್, ಇನ್ನೊಂದರಲ್ಲಿ ಪೇರ್, ಮತ್ತೊಂದರಲ್ಲಿ ದೂದ್. ಕಾಳಮ್ಮನಿಗೆ ಎಲ್ಲವೂ ಬರುತ್ತದೆ.

ಹೊಸಬರಿಗೆ ಆಶ್ಚರ್ಯ ಎನಿಸುವುದು ಅವರ ಒಂದು ಹಟ. ಪಾತ್ರೆ ಮೆಟ್ಟಿಲ ಮೇಲೆ ಇಟ್ಟಿದ್ದರೂ ಅವರು ಹಾಲು ಹುಯ್ಯುವುದಿಲ್ಲ. ಬಾಗಿಲು ತಟ್ಟುತ್ತಾರೆ, ಹೆಸರು ಹಿಡಿದು ಕರೆಯುತ್ತಾರೆ, ಯಾರಾದರೂ ಹೊರಗೆ ಬಂದು ಮುಖ ತೋರಿಸುವವರೆಗೆ ಕಾಯುತ್ತಾರೆ. ಈ ಹಟ ಮೊದಲು ಇರಲಿಲ್ಲ. ಗ್ರಾಮ ಪಂಚಾಯಿತಿ ಚುನಾವಣೆಗೆ ನಿಂತು ಸೋತ ಮೇಲೆ ಬಂದದ್ದು.

ಕಾಳಮ್ಮನ ಮಾವ ಹಾಸನದ ಕಡೆಯಿಂದ ಬಂದು ಇಲ್ಲಿ ಭೂಮಿ ಹಸನು ಮಾಡಿಕೊಂಡವರು. ಕಾಳಮ್ಮ ಮದುವೆಯಾಗಿ ಬಂದಾಗ ಮನೆಯಲ್ಲಿ ಇದ್ದದ್ದು ಒಂದು ಮುದಿ ಎಮ್ಮೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಅವರಿಗೆ ರಾಜಕೀಯವೆಂದರೆ ಪ್ರಚಾರದ ಜೀಪು ಬಂದಾಗ ದನ ಬೆದರದಂತೆ ಹಗ್ಗ ಹಿಡಿದುಕೊಳ್ಳುವುದು, ಅಷ್ಟೆ.

ಆದರೆ ಒಂದು ಬೆಳಿಗ್ಗೆ ತೋಟದ ತಿರುವಿನಲ್ಲಿ ಬೋಜ ಬಿದ್ದಿರುವುದನ್ನು ಮೊದಲು ಕಂಡವರು ಅವರೇ. ಬೋಜ ಲೈನಿನಲ್ಲಿರುವ ಕೂಲಿಯವನು, ಕಾಫಿ ಹಣ್ಣಿನ ಪಿಕ್ಕಿಂಗ್ ಇಲ್ಲದ ದಿನಗಳಲ್ಲಿ ಬೇಲಿ ಕೆಲಸಕ್ಕೆ ಹೋಗುವವನು. ಕತ್ತಲಲ್ಲಿ ಎದುರಿಗೆ ಆನೆ ನಿಂತದ್ದು ಅವನಿಗೆ ಕಂಡಿರಲಿಲ್ಲ. ಜೀವ ಉಳಿಯಿತು, ಕಾಲು ಮೊದಲಿನಂತಾಗಲಿಲ್ಲ. ಆ ದಾರಿಯಲ್ಲಿ ಕಂಬಗಳಿದ್ದವು, ದೀಪ ಇರಲಿಲ್ಲ. ಕಾಳಮ್ಮ ಪಂಚಾಯಿತಿ ಕಚೇರಿಗೆ ಹೋಗಿ ಕೇಳಿದರು. ನಿಮ್ಮ ಮೆಂಬರ್‌ಗೆ ಹೇಳಿ ಎಂದರು. ಆಗಿನ ಮೆಂಬರು ಶಿವಪ್ರಕಾಶ್, ಎರಡು ಟ್ರ್ಯಾಕ್ಟರಿನ ಒಡೆಯ. ನೋಡೋಣ ಎಂದರು. ನೋಡುತ್ತಲೇ ಅವರ ಅವಧಿ ಮುಗಿಯಿತು.

ಮುಂದಿನ ಚುನಾವಣೆಗೆ ಸೀಗೆಕೊಪ್ಪಲಿನ ಸ್ಥಾನ ಮಹಿಳೆಗೆ ಮೀಸಲಾಯಿತು. ಶಿವಪ್ರಕಾಶ್ ತಮ್ಮ ಸೊಸೆ ಅನುಶ್ರೀಯನ್ನು ನಿಲ್ಲಿಸಿದರು. ಕೊಡ್ಲಿಪೇಟೆಯ ಕಡೆಯ ಹುಡುಗಿ, ಪಿಯುಸಿ ಓದಿದವಳು, ಊರಿನವರ ಬಾಯಲ್ಲಿ ಇನ್ನೂ ‘ಶಿವಪ್ರಕಾಶಣ್ಣನ ಸೊಸೆ’. ಅವಿರೋಧವಾಗಿ ಆಯ್ಕೆಯಾಗಲಿ, ಊರಿನ ಮರ್ಯಾದೆ ಉಳಿಯುತ್ತದೆ ಎಂದು ಹಿರಿಯರು ತೀರ್ಮಾನಿಸುವ ಹೊತ್ತಿಗೆ ಕಾಳಮ್ಮ ನಾಮಪತ್ರ ಹಾಕಿ ಬಂದಿದ್ದರು. ವಾಪಸ್ ತೆಗೆಸಲು ಜನ ಬಂದರು, ಬುದ್ಧಿ ಹೇಳಿದರು, ಕೊನೆಗೆ ಸಣ್ಣಸ್ವಾಮಿಯನ್ನು ಗೇಲಿ ಮಾಡಿದರು. ಹೆಂಡತಿ ಹಾಲು ಮಾರಲಿ, ಊರು ಮಾರುವುದು ಬೇಡ ಎಂದರು. ಸಣ್ಣಸ್ವಾಮಿ ಅದನ್ನು ಮನೆಗೆ ಬಂದು ಹೇಳಲೇ ಇಲ್ಲ. ಬೇರೆಯವರಿಂದ ಕಾಳಮ್ಮನ ಕಿವಿಗೆ ಬಿತ್ತು.

ಸಿಕ್ಕ ಚಿಹ್ನೆ ಸೀಲಿಂಗ್ ಫ್ಯಾನು. ಜೀಪಿಲ್ಲ, ಮೈಕಿಲ್ಲ. ಹಾಲಿನ ಕ್ಯಾನಿನ ಜೊತೆಗೇ ಒಂದು ಕಟ್ಟು ಕರಪತ್ರ. ಹಾಲು ಹುಯ್ದು, ಕೈ ಒರೆಸಿಕೊಂಡು ಓಟು ಕೇಳಬೇಕು. ಅಷ್ಟು ಸುಲಭದ ಕೆಲಸ ಎಂದುಕೊಂಡಿದ್ದ ಕಾಳಮ್ಮನಿಗೆ ಮೊದಲ ಮನೆಯಲ್ಲೇ ನಾಲಿಗೆ ಕಟ್ಟಿತು. ಹಾಲಿಗೆ ನಾಲ್ಕು ಭಾಷೆಯ ಮಾತು ಗೊತ್ತಿದ್ದವರಿಗೆ ಓಟು ಕೇಳಲು ಸ್ವಂತ ಭಾಷೆಯಲ್ಲೂ ಮಾತು ಹೊರಡಲಿಲ್ಲ.

“ಇಷ್ಟು ವರ್ಷ ಕೊಡಾಕೆ ಅಂತ್ಲೇ ಬಾಗಿಲಿಗೆ ಹೋದೋಳು ನಾನು,” ಎನ್ನುತ್ತಾರೆ ಕಾಳಮ್ಮ. “ಇಸ್ಕಳಾಕೆ ನಿಂತಾಗ ಕೈ ಎಲ್ಲಿಕ್ಕಬೇಕು ಅಂತ್ಲೇ ತಿಳೀಲಿಲ್ಲ. ಮುಗೀಬೇಕಾ, ಸೆರಗಲ್ಲಿ ಮುಚ್ಕಬೇಕಾ?”

ಆದರೂ ಎಲ್ಲರೂ ನಕ್ಕು, ನಿಮಗಲ್ಲದೆ ಇನ್ಯಾರಿಗೆ ಎಂದರು. ಕಾಳಮ್ಮ ನಂಬಿದರು. ನಂಬಿಕೆ ಅಲ್ಲಾಡಿದ್ದು ಮತದಾನಕ್ಕೆ ಎರಡು ದಿನ ಇರುವಾಗ. ಎದುರು ಪಾಳಯದವರು ಮನೆಮನೆಗೆ ಕುಕ್ಕರ್ ಹಂಚುತ್ತಿದ್ದಾರೆ ಎಂಬ ಸುದ್ದಿ ಬಂತು. ಮರುದಿನ ಹಾಲು ಹಾಕಲು ಹೋದಾಗ ಎರಡು ಅಡುಗೆಮನೆಗಳಲ್ಲಿ ರಟ್ಟಿನ ಪೆಟ್ಟಿಗೆ ಕಂಡವು. ಮನೆಯವರು ಅದನ್ನು ಕಾಲಿನಿಂದ ಬಾಗಿಲ ಹಿಂದಕ್ಕೆ ತಳ್ಳಿದ್ದನ್ನೂ ಕಾಳಮ್ಮ ಕಂಡರು.

ಮನೆಗೆ ಬಂದು ಗಂಡನಿಗೆ ಹೇಳಿದರು, ಓಟಿಗೆ ಮುಂಚೆ ಉಳಿದ ಎರಡು ಹೊತ್ತಿನ ಹಾಲಿಗೆ ದುಡ್ಡು ತಗೊಳ್ಳುವುದು ಬೇಡ. ಸಣ್ಣಸ್ವಾಮಿ ಹುಲ್ಲು ಹಾಕುತ್ತಿದ್ದವರು ತಿರುಗಿ ನೋಡಿದರು. “ಬ್ಯಾಡ ಕಣೇ. ಅವರು ಮಾಡ್ದಂಗೇ ನಾವೂ ಮಾಡಿದ್ರೆ ನಿಂತಿದ್ದು ಯಾಕೆ?” ಎಂದರು. ಆ ಮನುಷ್ಯ ಚುನಾವಣೆಯುದ್ದಕ್ಕೂ ಆಡಿದ್ದು ಅದೊಂದೇ ಮಾತು. ಕಾಳಮ್ಮ ಕೇಳಲಿಲ್ಲ. ಆ ಸಂಜೆ, ಮರುದಿನ ಬೆಳಿಗ್ಗೆ, ಪಾತ್ರೆ ತುಂಬ ಹುಯ್ದು, ಇವತ್ತಿಂದು ಲೆಕ್ಕಕ್ಕೆ ಬ್ಯಾಡ ಎಂದು ಹೇಳುತ್ತ ಹೋದರು. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ. ಹಾಲನ್ನೇ ನೋಡುತ್ತಿದ್ದರು.

ಎಣಿಕೆಯ ದಿನ ತಾಲ್ಲೂಕು ಕೇಂದ್ರದ ಅಂಗಳದಲ್ಲಿ ಹೆಸರು ಕೂಗಿದಾಗ ಮಧ್ಯಾಹ್ನವೂ ಆಗಿರಲಿಲ್ಲ. ಅನುಶ್ರೀ ಗೆದ್ದಿದ್ದಳು. ಕಾಳಮ್ಮನಿಗೆ ಬಂದ ಓಟು ಅವರು ಹಾಲು ಹಾಕುವ ಮನೆಗಳಷ್ಟೂ ಇರಲಿಲ್ಲ. ಶಿವಪ್ರಕಾಶ್ ಹಾರ ಹಾಕಿಸಿಕೊಂಡು ತೆರೆದ ಜೀಪಿನಲ್ಲಿ ನಿಂತರು. ಅನುಶ್ರೀ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಬಸ್ಸಿನಲ್ಲಿ ಹೋದರೆ ಊರಿನವರು ಸಿಗುತ್ತಾರೆಂದು ಕಾಳಮ್ಮ, ಸಣ್ಣಸ್ವಾಮಿ ಕಾಲುದಾರಿ ಹಿಡಿದು ಮನೆಗೆ ಬಂದರು.

ಸೋತವರಿಗೆ ಮುಖ ಮುಚ್ಚಿಕೊಂಡು ನಾಲ್ಕು ದಿನ ಮನೆಯಲ್ಲಿರುವ ಅನುಕೂಲವಾದರೂ ಇರುತ್ತದೆ. ಹಸು ಇಟ್ಟವರಿಗೆ ಅದೂ ಇಲ್ಲ. ಮರುದಿನ ಬೆಳಿಗ್ಗೆ ಕಾಳಮ್ಮ ಕ್ಯಾನು ಎತ್ತಲೇಬೇಕಾಯಿತು. ಮೊದಲ ಮನೆಯ ಮುಂದೆ ನಿಂತು ಧೈರ್ಯ ತಂದುಕೊಳ್ಳುತ್ತ ನೋಡಿದರೆ ಬಾಗಿಲು ಹಾಕಿದೆ, ಮೆಟ್ಟಿಲ ಮೇಲೆ ಪಾತ್ರೆ, ಪಾತ್ರೆಗೊಂದು ತಟ್ಟೆ ಮುಚ್ಚಿದೆ. ಎರಡನೇ ಮನೆಯಲ್ಲೂ ಹಾಗೆಯೇ. ಬಡಾವಣೆಯ ಬೀದಿಯುದ್ದಕ್ಕೂ ಪಾತ್ರೆಗಳು ಮೆಟ್ಟಿಲ ಮೇಲೆ ಕೂತಿದ್ದವು. ಒಳಗೆ ಬಳೆಯ ಸದ್ದು ಕೇಳುತ್ತಿತ್ತು, ಮಗುವನ್ನು ಸುಮ್ಮನಿರಿಸುವುದು ಕೇಳುತ್ತಿತ್ತು. ಯಾರೂ ಹೊರಗೆ ಬರಲಿಲ್ಲ.

“ಮೊದಲು ಅಂದ್ಕಂಡೆ, ಸದ್ಯ, ನನ್ ಮಖ ಯಾರೂ ನೋಡಲ್ವಲ್ಲ ಅಂತ,” ಎನ್ನುತ್ತಾರೆ. “ಆಮ್ಯಾಕೆ ಗೊತ್ತಾಯ್ತು, ಅವರಿಗೂ ನನ್ನಂಗೇ ನಾಚಿಕೆ ಆಗೈತೆ ಅಂತ. ಹಿಂಗೇ ಬಾಳೋದಾ ಇನ್ನು, ಅತ್ತ ಅವರು ಇತ್ತ ನಾನು ಕದ ಮುಚ್ಕಂಡು?”

ಆ ಬೀದಿಯಲ್ಲಿ ಮೊದಲು ಬಾಗಿಲು ತೆಗೆದವರು ಶಾಂತಪ್ಪ ಮೇಷ್ಟ್ರು. ನಿವೃತ್ತರಾಗಿ ಬಡಾವಣೆಯಲ್ಲಿ ಮನೆ ಕಟ್ಟಿಸಿಕೊಂಡವರು, ಒಂಟಿ ಜೀವ. ಒಂದು ವಾರ ಅವರೂ ಪಾತ್ರೆಯನ್ನು ಮೆಟ್ಟಿಲ ಮೇಲೆ ಇಟ್ಟಿದ್ದರು. ಎಂಟನೇ ದಿನ ಪಾತ್ರೆ ಹಿಡಿದು ಗೇಟಿನ ಬಳಿಯೇ ನಿಂತಿದ್ದರು. ಕಾಳಮ್ಮ ಹಾಲು ಅಳೆದರು. ಮೇಷ್ಟ್ರು ಪಾತ್ರೆ ಒಳಗೊಯ್ಯಲಿಲ್ಲ.

“ನಿನಗೇ ಹಾಕಬೇಕು ಅಂತಿದ್ದೆ, ಕಾಳಮ್ಮ,” ಎಂದರು. “ಆ ಬಿಟ್ಟಿ ಹಾಲು ಕಂಡ ಮೇಲೆ ಕೈ ಬರಲಿಲ್ಲ. ಯಾರಿಗೂ ಮುದ್ರೆ ಒತ್ತದೆ ಚೀಟಿ ಮಡಚಿ ಹಾಕಿ ಬಂದೆ. ಆದರೆ ಹಾಲನ್ನು ಬೇಡ ಅನ್ನಲಿಲ್ಲ ನೋಡು. ಕಾಫಿ ಮಾಡಿಕೊಂಡು ಕುಡಿದೆ.”

ಕಾಳಮ್ಮನಿಗೆ ನೆಲ ನೋಡುವಂತಾಯಿತು. ಎಣಿಕೆಯ ಅಂಗಳದಲ್ಲೂ ಹೀಗಾಗಿರಲಿಲ್ಲ. ಅಲ್ಲಿ ಸೋಲು ಊರು ಕೊಟ್ಟದ್ದು. ಇದು ತಾವೇ ಕೈಯಾರೆ ಹುಯ್ದುಕೊಂಡದ್ದು. ಅವರು ಕ್ಯಾನು ಎತ್ತಿಕೊಂಡು ಮುಂದಿನ ಮನೆಗೆ ಹೋದರು. ಆದರೆ ಆ ಮನೆಯ ಪಾತ್ರೆಯ ಮುಂದೆ ಬಗ್ಗಿದವರು ಹಾಲು ಹುಯ್ಯದೆಯೇ ಎದ್ದರು. ಬಾಗಿಲು ತಟ್ಟಿದರು. ಬಹಳ ಹೊತ್ತಿನ ಮೇಲೆ ತೆಗೆದ ಹೆಂಗಸಿಗೆ ಅವರು ಹೇಳಿದ್ದು ಇಷ್ಟೇ: “ಆ ಎರಡು ಹೊತ್ತಿನ ಹಾಲು ನಾನು ಕೊಡಬಾರದಿತ್ತು. ತಪ್ಪು ನಂದು. ನೀವು ಯಾರಿಗಾರ ಹಾಕಿರಿ, ನಾನು ಕೇಳಲ್ಲ. ನಾಳೆಯಿಂದ ಕದ ತೆಗ್ದು ಇಸ್ಕಳಿ.”

ಹೀಗೆ ಒಂದೊಂದೇ ಮನೆ. ಕೆಲವರು ಅತ್ತರು. ಕೆಲವರು ಕೇಳಿಸದವರಂತೆ ದನದ ವಿಚಾರ ಮಾತಾಡಿದರು. ಇಬ್ಬರು ಹಾಲನ್ನೇ ಬಿಟ್ಟು ಪ್ಯಾಕೆಟ್ಟಿಗೆ ತಿರುಗಿಕೊಂಡರು. ಲೈನಿನಲ್ಲಿ ಬೋಜನ ಹೆಂಡತಿ ಕಾಳಿ ಮಾತ್ರ ಕುಕ್ಕರಿನ ಪೆಟ್ಟಿಗೆಯನ್ನೇ ತಂದು ಎದುರಿಗಿಟ್ಟಳು. ಇನ್ನೂ ಬಿಚ್ಚಿರಲಿಲ್ಲ. ಬಿಚ್ಚಲು ಮನಸ್ಸು ಬರುತ್ತಿಲ್ಲ, ಎಸೆಯಲೂ ಮನಸ್ಸು ಬರುತ್ತಿಲ್ಲ ಎಂದಳು. ಅದರಲ್ಲಿ ಬೇಳೆ ಬೇಯಿಸು, ಗಂಡನಿಗೆ ಹಾಕು ಎಂದು ಕಾಳಮ್ಮ ಹೇಳಿ ಬಂದರು.

ಅನುಶ್ರೀ ಬಂದದ್ದು ಇದಾಗಿ ಕೆಲವು ತಿಂಗಳ ಮೇಲೆ. ಡೈರಿಗೆ ಹಾಲು ಹಾಕಿ ಹೊರಟಿದ್ದ ಕಾಳಮ್ಮನನ್ನು ಸ್ಕೂಟರ್ ನಿಲ್ಲಿಸಿ ಮಾತಾಡಿಸಿದಳು. ಪಂಚಾಯಿತಿ ಸಭೆಗಳಲ್ಲಿ ತನ್ನ ಕುರ್ಚಿಯಲ್ಲಿ ಮಾವನೇ ಕೂರುತ್ತಾರೆ, ತಾನು ಸಹಿ ಹಾಕಿ ಬರುತ್ತೇನೆ, ಯಾವುದಕ್ಕೆಂದು ಕೇಳಿದರೆ ಮನೆಯಲ್ಲಿ ಊಟದ ಹೊತ್ತಿಗೆ ಚುಚ್ಚುಮಾತು ಬರುತ್ತದೆ ಎಂದು ಒಂದೇ ಉಸಿರಿಗೆ ಹೇಳಿದಳು. ಕೊನೆಗೆ, “ನೀವು ಸೋತು ತಲೆ ಎತ್ತಿ ಓಡಾಡ್ತೀರಿ ಅಕ್ಕ. ನನ್ನನ್ನ ಯಾರಾದ್ರೂ ಮೆಂಬರೇ ಅಂದ್ರೆ ನೆಲಕ್ಕಿಳಿದು ಹೋಗೋ ಹಾಗಾಗುತ್ತೆ,” ಎಂದಳು.

ಕಾಳಮ್ಮನಿಗೆ ತಾನೂ ತಲೆ ಎತ್ತಿ ಓಡಾಡುತ್ತಿಲ್ಲ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ. ಗ್ರಾಮಸಭೆ ಯಾವತ್ತು ಎಂದಷ್ಟೇ ಕೇಳಿದರು.

ಗ್ರಾಮಸಭೆ ಶಾಲೆಯ ಸಭಾಂಗಣದಲ್ಲಿ ಸೇರಿತ್ತು. ಮುಂದಿನ ಸಾಲಿನಲ್ಲಿ ಮೆಂಬರುಗಳು, ಅವರ ನಡುವೆ ಶಿವಪ್ರಕಾಶ್. ಅನುಶ್ರೀ ಗೋಡೆಯ ಬಳಿ ಹೆಂಗಸರ ಜೊತೆ. ದಾರಿದೀಪದ ವಿಷಯ ಯಾರೂ ಎತ್ತಲಿಲ್ಲ. ಮುಗಿಯುವ ಹೊತ್ತಿಗೆ ಕಾಳಮ್ಮ ಎದ್ದು ನಿಂತರು. ಸೋತವಳು ಎದ್ದಳು ಎಂದು ಹಿಂದಿನಿಂದ ಯಾರೋ ನಕ್ಕದ್ದು ಕೇಳಿಸಿತು. ಬೋಜ ಬಿದ್ದ ತಿರುವಿನ ಕಂಬಗಳಿಗೆ ದೀಪ ಯಾವಾಗ ಎಂದು ಕೇಳಿದರು. ಶಿವಪ್ರಕಾಶ್ ಕೂತಲ್ಲಿಂದಲೇ, ಮಾಡಿಸೋಣ ಬಿಡಮ್ಮ ಎಂದರು.

“ನಿಮ್ಮನ್ನ ಕೇಳಿದ್ದಲ್ಲ ಶಿವಪ್ರಕಾಶಣ್ಣ,” ಎಂದರು ಕಾಳಮ್ಮ. “ಊರು ಓಟಾಕಿರೋದು ಅನುಶ್ರೀಗೆ. ನಾನು ಮೆಂಬರ್‌ನ ಕೇಳ್ತಾ ಇವ್ನಿ.”

ಕಾಳಮ್ಮ ಕೂರಲಿಲ್ಲ. ಶಾಂತಪ್ಪ ಮೇಷ್ಟ್ರು ತಿರುಗಿ ಗೋಡೆಯ ಕಡೆ ನೋಡಿದರು. ಅವರನ್ನು ನೋಡಿ ಉಳಿದವರೂ ನೋಡಿದರು. ಅನುಶ್ರೀ ಎದ್ದಳು. ದನಿ ಸಣ್ಣದಿತ್ತು. ತನಗೆ ಗೊತ್ತಿಲ್ಲ, ಆದರೆ ಈಗಲೇ ಕೇಳುತ್ತೇನೆ ಎಂದು ಪಂಚಾಯಿತಿ ಅಧಿಕಾರಿಯ ಕಡೆ ತಿರುಗಿ ಅದೇ ಪ್ರಶ್ನೆಯನ್ನು ಕೇಳಿದಳು. ಈ ಸಲ ಅಧಿಕಾರಿ ಮೆಂಬರ್‌ಗೆ ಹೇಳಿ ಎನ್ನುವಂತಿರಲಿಲ್ಲ, ತಿರುವಿನ ಕಂಬದಿಂದ ಶುರು ಮಾಡಿಸುತ್ತೇನೆ ಎಂದು ಬರೆದುಕೊಂಡರು. ಮಾವನ ಮುಖ ಕೆಂಪಾಯಿತು, ಸಭೆ ಮುಗಿಯುವ ಮೊದಲೇ ಎದ್ದು ಹೋದರು. ಆ ರಾತ್ರಿ ಅನುಶ್ರೀಗೆ ಮನೆಯಲ್ಲಿ ಏನಾಯಿತೋ ಅವಳು ಯಾರಿಗೂ ಹೇಳಿಲ್ಲ. ಮುಂದಿನ ಸಭೆಗೆ ಮಾತ್ರ ಒಬ್ಬಳೇ ಬಂದಳು.

ತಿರುವಿನ ಕಂಬದಲ್ಲಿ ಈಗ ಒಂದು ದೀಪ ಉರಿಯುತ್ತದೆ. ಉಳಿದ ಕಂಬಗಳಿಗೆ ಇನ್ನೂ ಬಂದಿಲ್ಲ. ಕಾಳಮ್ಮ ಅದನ್ನು ತಮ್ಮ ಕೆಲಸ ಎಂದು ಹೇಳಿಕೊಳ್ಳುವುದಿಲ್ಲ. ಬಿಟ್ಟಿ ಹಾಲಿನ ಮಾತು ಬಂದರೆ ಇವತ್ತಿಗೂ ಸೆರಗಿನ ತುದಿ ತಿರುಚುತ್ತಾರೆ. ಅದನ್ನು ಬರೆಯುವುದು ಬೇಡವೇ ಎಂದು ಕೇಳಿದ್ದಕ್ಕೆ, ಅದನ್ನು ಬಿಟ್ಟು ಬರೆದರೆ ಉಳಿದದ್ದೂ ಸುಳ್ಳಾಗುತ್ತದೆ ಎಂದರು.

ಲೈನಿನ ಹೆಂಗಸರು ಈಗ ಕುಡಿಯುವ ನೀರಿನ ತೊಂದರೆಯನ್ನು ಅವರ ಬಳಿ ಹೇಳಿಕೊಳ್ಳುತ್ತಾರೆ. ಮೊದಲು ಮೆಂಬರ್‌ಗೆ ಹೇಳಿ ಎಂದು ಅನುಶ್ರೀಯ ಹತ್ತಿರ ಕಳಿಸುತ್ತಾರೆ, ಹಿಂದೆಯೇ ತಾವೂ ಹೋಗುತ್ತಾರೆ. ಮತ್ತೆ ನಿಲ್ಲುತ್ತೀರಾ ಎಂದು ಕೇಳಿದರೆ ಕಾಳಮ್ಮ ಕ್ಯಾನು ತೊಳೆಯುವುದನ್ನು ಮುಂದುವರಿಸುತ್ತಾರೆ. ಮುಂದಿನ ಸಲ ಮೀಸಲಾತಿ ಯಾರಿಗೆ ಬರುತ್ತದೋ, ಬಂದರೂ ಜನ ಹಾಕುತ್ತಾರೋ ಇಲ್ಲವೋ ಗೊತ್ತಿಲ್ಲ ಎನ್ನುತ್ತಾರೆ. ಆಮೇಲೆ ಕ್ಯಾನನ್ನು ಬಿಸಿಲಿಗೆ ಬೋರಲು ಹಾಕಿ ಹೇಳುತ್ತಾರೆ:

“ಗೆದ್ದೋರಿಗೆ ಐದೇ ವರ್ಷ. ಸೋತೋರಿಗೆ ಅವಧಿ ಅಂತ ಒಂದಿಲ್ಲ ಕಣಪ್ಪ.”