ಎರಡು ಬೋರ್ಡು, ಒಂದೇ ವಿಳಾಸ

ಮುಂಬೈಯ ಮಲಾಡಿನಲ್ಲಿ ನಾವು ಐದು ಜನ ಕೆಲಸ ಮಾಡುತ್ತಿದ್ದ ಗಾಳಾ ಎಂಬ ಬಾಡಿಗೆ ಶೆಡ್ಡಿನಲ್ಲಿ ಎರಡು ಮೇಜು, ಒಂದು ಫ್ರಿಜ್ಜು ಇಟ್ಟರೆ ಜಾಗ ಮುಗಿಯುತ್ತಿತ್ತು. ಕೋಲ್ಡ್ ಸ್ಟೋರೇಜುಗಳ ಒಳಗಿನ ತಾಪಮಾನವನ್ನು ನಿಮಿಷ ನಿಮಿಷಕ್ಕೂ ಬರೆದಿಟ್ಟು, ಅದು ಮಿತಿ ಮೀರಿದರೆ ಸೈರನ್ ಹೊಡೆಯುವ ಸಣ್ಣ ಯಂತ್ರ ನಮ್ಮದು. ಅಂಗೈಯಗಲದ ಒಂದು ಬೋರ್ಡು, ಅದರೊಳಗೆ ಉಗುರಿನಷ್ಟು ಮೆಮೊರಿ ಕಾರ್ಡು, ಹೊರಗೊಂದು ಪ್ಲಾಸ್ಟಿಕ್ ಡಬ್ಬಿ. ಪರದೆಯಿಲ್ಲ, ಕೀಬೋರ್ಡಿಲ್ಲ, ವೈಫೈ ಇಲ್ಲ. ಅದರೊಡನೆ ಮಾತಾಡಬೇಕೆಂದರೆ ಯುಎಸ್‌ಬಿ ಕೇಬಲ್ ಒಂದೇ ದಾರಿ.

ಕೇಬಲ್ ಚುಚ್ಚಿದರೆ ಬೋರ್ಡು ಲ್ಯಾಪ್‌ಟಾಪಿನ ಎದುರು ತಾನೊಂದು ನೆಟ್‌ವರ್ಕ್ ಕಾರ್ಡು ಎಂದು ನಟಿಸುತ್ತದೆ. ಅದೇ ತಂತಿಯಲ್ಲಿ ಕರೆಂಟೂ ಹೋಗುತ್ತದೆ, ಮಾತೂ ಹೋಗುತ್ತದೆ. ಲ್ಯಾಪ್‌ಟಾಪಿನ ತುದಿಗೊಂದು ವಿಳಾಸ, ಬೋರ್ಡಿನ ತುದಿಗೊಂದು ವಿಳಾಸ. ಎರಡೂ ಬರೀ ಅಂಕಿಗಳು. ಆ ಕಡೆ ಯಾರಾದರೂ ಇದ್ದೀರಾ ಎಂದು ಪಿಂಗ್ ಕಳಿಸಬೇಕು. ಉತ್ತರ ಬಂದರೆ ಒಳಹೊಕ್ಕು ದಾಖಲೆ ಓದಬಹುದು. ಇಷ್ಟನ್ನು ಹೊಂದಿಸಲು ಶುರುವಿನಲ್ಲಿ ನಾನು ಹತ್ತು ದಿನ ತಲೆ ಚಚ್ಚಿಕೊಂಡಿದ್ದೆ. ಅಂತೂ ಒಂದು ಕಾರ್ಡು ಸರಿಯಾಯಿತು. ಅದಕ್ಕೆ ತಾಯಿ ಕಾರ್ಡು ಎಂದು ಹೆಸರಿಟ್ಟು, ಮುಂದಿನ ಎಲ್ಲ ಬೋರ್ಡುಗಳಿಗೂ ಅದರದೇ ನಕಲು ಹಾಕುವುದು ನಮ್ಮಲ್ಲಿ ರೂಢಿಯಾಯಿತು. ಹಾಗಾಗಿ ಎಲ್ಲ ಬೋರ್ಡುಗಳಿಗೂ ಒಂದೇ ವಿಳಾಸ, ಒಂದೇ ಗುರುತು, ಒಂದೇ ಪಾಸ್‌ವರ್ಡ್. ಸೋಮಾರಿಗಳಿಗೆ ಇದಕ್ಕಿಂತ ಸುಖ ಬೇರೆ ಬೇಕೆ? ಪಾಲಿಸಬೇಕಾದ ನಿಯಮ ಒಂದೇ: ಒಂದು ಲ್ಯಾಪ್‌ಟಾಪಿಗೆ ಒಂದು ಸಲಕ್ಕೆ ಒಂದೇ ಬೋರ್ಡು. ಆ ನಿಯಮವನ್ನು ಬರೆದು ಗೋಡೆಗೆ ಅಂಟಿಸಿದವಳು ನಾನೇ. ಮುರಿದವಳೂ ನಾನೇ.

ಒಂದು ಸೋಮವಾರ ಬೆಳಿಗ್ಗೆ ನಮ್ಮ ಡಬ್ಬಿಯೊಂದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಒಬ್ಬರು ಬಂದರು. ವಡಾಲದ ಮೀನಿನ ಕೋಲ್ಡ್ ಸ್ಟೋರೇಜೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಮೆಕ್ಯಾನಿಕ್. ವಿಜಯಪುರದ ಕಡೆಯವರು, ಮನೆಯಲ್ಲಿ ದಖನಿ ಮಾತು. ನಾನು ನಮ್ಮ ಗಾಳಾದ ಯಜಮಾನರೊಡನೆ ಕನ್ನಡದಲ್ಲಿ ಮಾತಾಡುವುದನ್ನು ಕೇಳಿದ್ದೇ ಅವರ ಮುಖ ಅರಳಿತು. ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ಅಲ್ಲಿ ಕರೆಂಟು ಹೋಗಿ ಬಂದಿತ್ತು. ಕಂಪ್ರೆಸರ್ ಮಾತ್ರ ತಿರುಗಿ ಶುರುವಾಗಿರಲಿಲ್ಲ. ಸಂಜೆಯ ಹೊತ್ತಿಗೆ ಒಂದು ಕೋಣೆ ತುಂಬ ಸಿಗಡಿ ಕೆಟ್ಟುಹೋಗಿತ್ತು. ಇವರ ವಾಸ ಅದೇ ಆವರಣದ ಖೋಲಿಯಲ್ಲಿ, ಸೈರನ್ ಇದ್ದದ್ದೂ ಅಲ್ಲೇ. ಸೈರನ್ ಹೊಡೆದಿದ್ದರೆ ಇವರು ಮಲಗಿದ್ದರು ಎಂದರ್ಥ, ಕೆಲಸವೂ ಖೋಲಿಯೂ ಹೋದಂತೆ. ಹೊಡೆದಿಲ್ಲವಾದರೆ ತಪ್ಪು ನಮ್ಮ ಯಂತ್ರದ್ದು.

"ಅಕ್ಕಾರ, ನಾ ಎಚ್ಚರ ಇದ್ದೆನ್ರಿ," ಎಂದರು. "ಅದು ಒಂದ್ ಸಲೇನೂ ಹೊಡದಿಲ್ಲ. ಮನಷ್ಯಾರು ಸುಳ್ಳ ಹೇಳ್ತಾರ, ಮಷಿನ್ ಹೇಳಂಗಿಲ್ಲ. ಅದನ್ನ ಕೇಳಿ ನೋಡ್ರಿ."

"ನೋಡುವ ಚಾಚಾ. ಅದರಲ್ಲಿ ಎಲ್ಲ ಬರೆದಿರ್ತದೆ," ಎಂದೆ.

ಸ್ಟೂಲು ಎಳೆದು ಕೂರಿಸಿ, ಕೇಬಲ್ ಚುಚ್ಚಿ, ಪಿಂಗ್ ಕಳಿಸಿದೆ. ಉತ್ತರ ತಕ್ಷಣ ಬಂತು. ಬೋರ್ಡು ಏಳಲು ಅರ್ಧ ನಿಮಿಷವಾದರೂ ಬೇಕು. ಕಣ್ಣು ಬಿಡುವ ಮೊದಲೇ ಅದು ಹೇಗೆ ಉತ್ತರಿಸೀತು ಎಂದು ನಾನು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಬೇಗ ಬಂತಲ್ಲ ಎಂದು ಖುಷಿಪಟ್ಟೆ. ಒಳಹೊಕ್ಕು ದಾಖಲೆ ತೆರೆದೆ. ಉಷ್ಣತೆ ಮೆಲ್ಲಗೆ ಏರಿತ್ತು, ಮಿತಿ ಮೀರಿತ್ತು, ಅಲ್ಲಿಂದ ಮುಂದೆ ನಲವತ್ತು ಸಾಲುಗಳ ಪಕ್ಕದಲ್ಲಿ 'ಸೈರನ್ ಆನ್' ಎಂದಿತ್ತು.

"ಹೊಡೆದಿದೆ ಚಾಚಾ. ನಲವತ್ತು ನಿಮಿಷ."

ಅವರು ಪರದೆಗೆ ಮುಖ ಹತ್ತಿರ ತಂದರು. ಇಂಗ್ಲಿಷ್ ಓದಲು ಬಾರದಿದ್ದರೂ ಸಾಲುಗಳ ಮೇಲೆ ಬೆರಳಿಟ್ಟು ಎಣಿಸಿದರು. ಮತ್ತೊಮ್ಮೆ ನೋಡಿ ಎಂದರು. ನೋಡಿದೆ, ಅದೇ ಬಂತು. ಮೂರನೆಯ ಸಲ ಕೇಳಿದಾಗ ನಾನು ಸಿಡುಕಿದೆ: "ಎಷ್ಟು ಸಲ ನೋಡಿದರೂ ಅದೇ ಇರ್ತದೆ. ನಿದ್ದೆ ಯಾರಿಗಾದರೂ ಬರ್ತದೆ, ಒಪ್ಪಿಕೊಳ್ಳಿ." ಈ ಮಾತು ನನ್ನ ಬಾಯಿಂದಲೇ ಬಂತು. ಇನ್ನೂ ನಾಚಿಕೆಗೇಡು ಏನೆಂದರೆ, ನಮ್ಮ ಯಂತ್ರದ್ದು ತಪ್ಪಿಲ್ಲ ಎಂದು ಆಗ ನನಗೆ ಒಳಗೊಳಗೇ ಹಗುರವಾಗಿತ್ತು. ಯಜಮಾನರು ಆ ದಾಖಲೆಯನ್ನು ಅವತ್ತೇ ವಡಾಲಕ್ಕೆ ಕಳಿಸಿದರು. ಆ ವಾರವೇ ಚಾಚಾ ಖೋಲಿ ಖಾಲಿ ಮಾಡಿದರೆಂದು ತಿಳಿಯಿತು. ನಾನು ಅಯ್ಯೋ ಪಾಪ ಎಂದು ಊಟಕ್ಕೆ ಕೂತೆ.

ಮೂರು ವಾರ ಕಳೆಯಿತು. ಹೊಸ ಆರ್ಡರಿಗೆ ಕಾರ್ಡುಗಳು ಕಡಿಮೆ ಬಿದ್ದವು. ಡ್ರಾಯರಿನಲ್ಲಿದ್ದ ವಡಾಲದ ಬೋರ್ಡಿನ ಕಾರ್ಡನ್ನೇ ಅಳಿಸಿ ಬಳಸೋಣವೆಂದು ಆ ಬೋರ್ಡನ್ನು ಲ್ಯಾಪ್‌ಟಾಪಿಗೆ ಚುಚ್ಚಿದೆ. ಪಿಂಗಿಗೆ ಉತ್ತರವಿಲ್ಲ. ಅರ್ಧ ನಿಮಿಷದ ಮೇಲೆ ಬಂತು. ಅಳಿಸುವ ಮೊದಲು ಅಭ್ಯಾಸಬಲದಿಂದ ದಾಖಲೆ ತೆರೆದರೆ, ಅದು ನಾನು ಓದಿದ್ದ ದಾಖಲೆಯೇ ಅಲ್ಲ. ಕರೆಂಟು ಹೋಗಿ ಬಂದದ್ದು ಇತ್ತು. ಆಮೇಲೆ ಉಷ್ಣತೆ ಗಂಟೆಗಟ್ಟಲೆ ಏರುತ್ತಾ ಹೋಗಿತ್ತು. ಪಕ್ಕದ ಕಾಲಮ್ಮಿನಲ್ಲಿ ಮೇಲಿಂದ ಕೆಳಗಿನ ತನಕ 'ಸೈರನ್ ಆಫ್'. ಕರೆಂಟು ಬಂದಾಗ ಬರೆಯುವ ಪ್ರೋಗ್ರಾಂ ಎದ್ದಿತ್ತು, ಸೈರನ್ನಿನ ಪ್ರೋಗ್ರಾಂ ಏಳಲೇ ಇಲ್ಲ.

ಹಾಗಾದರೆ ಅವತ್ತು ನಾನು ಓದಿದ್ದೇನು? ತಲೆಯೆತ್ತಿ ನಮ್ಮ ಫ್ರಿಜ್ಜನ್ನು ನೋಡಿದೆ. ಟಿಫಿನ್ ಡಬ್ಬಿಗಳನ್ನಿಡುವ ಆ ಫ್ರಿಜ್ಜಿಗೂ ಪರೀಕ್ಷೆಗೆಂದು ಒಂದು ಬೋರ್ಡು ಹಾಕಿದ್ದೆವು. ಅದರ ಅಡಾಪ್ಟರ್ ಸುಟ್ಟುಹೋಗಿತ್ತು. ಕರೆಂಟು ಸಿಕ್ಕರೆ ಸಾಕೆಂದು ಅದರ ಕೇಬಲನ್ನು ನನ್ನದೇ ಲ್ಯಾಪ್‌ಟಾಪಿನ ಹಿಂಬದಿಗೆ ಚುಚ್ಚಿದ್ದು ನಾನು, ಆ ಸೋಮವಾರಕ್ಕೆ ಮೂರು ದಿನ ಮೊದಲು. ಅವತ್ತು ವಡಾಲದ ಬೋರ್ಡು ಏಳುವ ಮೊದಲೇ ನನ್ನ ಪಿಂಗಿಗೆ ಉತ್ತರ ಕೊಟ್ಟದ್ದು ಅದು. ಶನಿವಾರ ಬಾಗಿಲು ತೆರೆದಿಟ್ಟು ಫ್ರಿಜ್ಜು ತೊಳೆದಿದ್ದೆವು. ಅದರ ಸೈರನ್ನಿನ ತಂತಿ ಕಿತ್ತಿಟ್ಟಿದ್ದರಿಂದ ಯಾರಿಗೂ ಏನೂ ಕೇಳಿಸಲಿಲ್ಲ, ದಾಖಲೆಯಲ್ಲಿ ಮಾತ್ರ ನಲವತ್ತು ನಿಮಿಷ ಹೊಡೆದಿತ್ತು. ವಡಾಲದ್ದು ತಾಜಾ ಸಿಗಡಿಯನ್ನು ಐಸಿನಲ್ಲಿಡುವ ಕೋಣೆ, ನಮ್ಮ ಫ್ರಿಜ್ಜಿನಷ್ಟೇ ತಂಪು, ಹಾಗಾಗಿ ಅಂಕಿಗಳೂ ಅನುಮಾನ ಹುಟ್ಟಿಸಲಿಲ್ಲ. ಬೋರ್ಡುಗಳಿಗೆ ಗಡಿಯಾರವಿಲ್ಲ, ಶುರುವಾದಾಗಿನಿಂದ ನಿಮಿಷ ಎಣಿಸುತ್ತವೆ ಅಷ್ಟೇ. ಯಾವ ದಿನ ಎಂದು ತಿಳಿಯುವುದಿಲ್ಲ. ಬೇರೆ ಬೋರ್ಡು ಉತ್ತರಿಸಿದರೆ ಲ್ಯಾಪ್‌ಟಾಪು ಎಚ್ಚರಿಸಬೇಕಿತ್ತು. ಎಲ್ಲಕ್ಕೂ ಒಂದೇ ಗುರುತು ಕೊಟ್ಟವಳು ನಾನಾದ ಮೇಲೆ ಅದಾದರೂ ಏನು ಮಾಡೀತು? ಹೊಸ ಅಡಾಪ್ಟರ್ ಬಂದು ಫ್ರಿಜ್ಜಿನ ಬೋರ್ಡು ಗೋಡೆಯ ಪ್ಲಗ್ಗಿಗೆ ಹೋದದ್ದರಿಂದ ಈಗ ಸತ್ಯ ಕಾಣಿಸಿತ್ತು. ನಮ್ಮ ಟಿಫಿನ್ ಡಬ್ಬಿಗಳ ದಾಖಲೆ ಓದಿ ನಾನು ಒಬ್ಬ ಮನುಷ್ಯನ ಅನ್ನ ಕಿತ್ತುಕೊಂಡಿದ್ದೆ.

ಯಜಮಾನರಿಗೆ ಹೇಳಿದೆ. ಅವರು ಉಡುಪಿ ಕಡೆಯವರು, ಕೆಟ್ಟವರಲ್ಲ, ಹೆದರಿದವರು. ಬಾಗಿಲು ಹಾಕಿ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ಮಾರಾಯ್ತಿ, ಆದದ್ದು ಆಯ್ತು. ಇದು ಹೊರಗೆ ಹೋದರೆ ನಾವು ಐದೂ ಜನ ಬೀದಿಗೆ ಬರ್ಲಿಕ್ಕೆ ಉಂಟು. ಕಾರ್ಡ್ ಅಳಿಸಿಬಿಡು, ಗೊತ್ತಾಯ್ತಾ?"

ನಾನು ಅಳಿಸಲಿಲ್ಲ. ಹಾಗೆಂದು ಧೈರ್ಯವಂತೆಯೂ ಆಗಲಿಲ್ಲ. ನಾಲ್ಕು ದಿನ ನನ್ನ ಮನೆಯಿದ್ದ ಮುಲುಂಡಿನಿಂದ ಮಲಾಡಿಗೆ, ಮಲಾಡಿನಿಂದ ಮುಲುಂಡಿಗೆ, ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದೆ. ದಾದರಿನಲ್ಲಿ ಲೋಕಲ್ ರೈಲು ಬದಲಿಸುವಾಗ ಟವೆಲ್ ಹೆಗಲಿಗೆ ಹಾಕಿದವರನ್ನು ಕಂಡರೆ ಹೆಜ್ಜೆ ಬೇರೆ ಕಡೆ ತಿರುಗುತ್ತಿತ್ತು. ಐದನೆಯ ದಿನ ರಜೆ ಹಾಕಿ, ದಾಖಲೆಯ ಪ್ರಿಂಟ್ ತೆಗೆಸಿ, ಕುರ್ಲಾದಲ್ಲಿ ಹಾರ್ಬರ್ ಲೈನ್ ಹಿಡಿದು ವಡಾಲಕ್ಕೆ ಹೋದೆ.

ಕೋಲ್ಡ್ ಸ್ಟೋರೇಜಿನ ಮ್ಯಾನೇಜರ್ ಪ್ರಿಂಟನ್ನು ನೋಡಿದಂತೆ ಮಾಡಿ ಪಕ್ಕಕ್ಕಿಟ್ಟ. ಫೈಲಿನಿಂದ ಒಂದು ಕಾಗದ ತೆಗೆದು ನನ್ನ ಮುಂದೆ ಹಿಡಿದ. "ಉಸ್ನೇ ಖುದ್ ಲಿಖ್‌ಕೆ ದಿಯಾ ಹೈ, ಮೇಡಂ," ಅವನೇ ಬರೆದುಕೊಟ್ಟಿದ್ದಾನೆ ಎಂದ. ಡ್ಯೂಟಿಯಲ್ಲಿ ನಿದ್ದೆ ಹೋದದ್ದು ನನ್ನ ತಪ್ಪು, ಕ್ಷಮಿಸಿ ಎಂದು ಯಾರೋ ಹಿಂದಿಯಲ್ಲಿ ಬರೆದುಕೊಟ್ಟಿದ್ದರು. ಕೆಳಗೆ ಚಾಚಾನ ಸಹಿ ಇತ್ತು. ಹೊಸ ಮೆಕ್ಯಾನಿಕ್ ಬಂದಾಯಿತು, ಇನ್ನು ಹಳೆಯ ಮಾತು ಬೇಡ ಎಂದ. ವಾದ ಮಾಡಿದೆ, ದನಿ ಏರಿಸಿದೆ, ಏನೂ ನಡೆಯಲಿಲ್ಲ. ಗೇಟಿನಲ್ಲಿದ್ದ ವಾಚ್‌ಮನ್ ಮಾತ್ರ ಅವರು ಈಗಿರುವ ಜಾಗ ಹೇಳಿದ.

ಸ್ಟೇಷನ್ನಿನ ಹಿಂದೆ ಚಾಚಾನ ಹೆಂಡತಿಯ ತಮ್ಮನ ಮನೆ. ಒಂದೇ ಕೋಣೆ, ಗೋಡೆಗೆ ಒರಗಿಸಿಟ್ಟ ಅವರ ಸಾಮಾನು. ಮಲಗಿಬಿಟ್ಟ ಮೆಕ್ಯಾನಿಕ್ ಎಂಬ ಸುದ್ದಿ ಸುತ್ತಲಿನ ಗೋದಾಮುಗಳಿಗೆಲ್ಲ ಹಬ್ಬಿ, ಎಲ್ಲೂ ಕೆಲಸ ಸಿಕ್ಕಿರಲಿಲ್ಲ. ನನ್ನನ್ನು ಕಂಡು ಚಾಚಾ ಗಡಬಡಿಸಿ ಎದ್ದು ನಿಂತರು. ತಪ್ಪು ಮಾಡಿದವರು ನಿಲ್ಲುವ ಹಾಗೆ ನಿಂತರು. ನಾನು ನಿಂತಲ್ಲೇ ಎಲ್ಲ ಹೇಳಿದೆ: ಎರಡು ಬೋರ್ಡು, ಒಂದೇ ವಿಳಾಸ, ನಮ್ಮ ಫ್ರಿಜ್ಜು, ನನ್ನ ಕೇಬಲ್ಲು. ಕಾಗದ ಕೊಟ್ಟೆ. ಅವರು ಬಯ್ಯಲಿ ಎಂದು ಕಾದೆ.

ಅವರು ಕಾಗದವನ್ನು ನೋಡುತ್ತಾ ಕೇಳಿದರು: "ಹಂಗಾರ ನಾ ಅವತ್ತ ಎಚ್ಚರ ಇದ್ದೆ ಏನ್ರಿ, ಅಕ್ಕಾರ?"

"ಎಚ್ಚರ ಇದ್ರಿ, ಚಾಚಾ."

ಅವರು ಒಲೆಯ ಮುಂದಿದ್ದ ಹೆಂಡತಿಯ ಕಡೆ ತಿರುಗಿ, ಕೇಳಿದೆಯಾ, ನಾನು ಎಚ್ಚರವೇ ಇದ್ದೆ ಎಂದು ದಖನಿಯಲ್ಲಿ ಹೇಳಿದರು: "ಸುನೀ ಕ್ಯಾ? ಮೈಂ ಜಾಗತಾಚ್ ಥಾ."

ಆಕೆ ನನ್ನ ಕಡೆ ನೋಡಲಿಲ್ಲ. ಆದರೆ ಮಾತು ನನಗೆ ಅರ್ಥವಾಗಲೆಂದು ಕನ್ನಡದಲ್ಲೇ ಆಡಿದಳು: "ಅವತ್ತ ಮಧ್ಯಾಹ್ನ ಇವರು ನನ್ನ ಬಾಜೂಕ ಕುಂತು ಮೆಂತೆ ಸೊಪ್ಪು ಸೋಸಾಕತ್ತಿದ್ರು. ದಿನಾ ಹೇಳೇನಿ. ಮಷಿನ್ ಹೇಳೇತಿ, ನಿನಗೇನ ತಿಳೀತೈತಿ ಅಂತ ನನಗ ಬೈತಿದ್ರು."