ಖಂಡೇ ಪೂಜೆಗೆ ಬಂದ್ ಮಾಡಿದ ಮಷಿನ್

ದಾಂಡೇಲಿಯ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಇಂಟರ್ನೆಟ್ ಅಂಗಡಿ ಇತ್ತು. ನಾಲ್ಕು ಕಂಪ್ಯೂಟರು, ಒಂದೇ ಫೋನ್ ಲೈನು, ಮೂಲೆಯಲ್ಲಿ ವಿಂಡೋಸ್ ಬದಲು ಲಿನಕ್ಸ್ ಹಾಕಿದ ಹಳೆಯ ಮಷಿನ್. ನಾಲ್ಕೂ ಕಂಪ್ಯೂಟರು ಹೊರಜಗತ್ತಿಗೆ ಹೋಗುತ್ತಿದ್ದದ್ದು ಅದರ ಮೂಲಕವೇ. ಊರಲ್ಲಿ ಲಿನಕ್ಸ್ ಬಲ್ಲವನು ನಾನೊಬ್ಬನೇ ಎಂಬ ಜಂಬ ಬೇರೆ. ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆ ಆಗ ನೆನಪಾಗುತ್ತಿರಲಿಲ್ಲ.

ಆ ವರ್ಷ ದಸರೆ ಮುಗಿಸಿ ಬಾಗಿಲು ತೆಗೆದ ಮಧ್ಯಾಹ್ನ ಒಂದು ಸೈಟೂ ತೆರೆಯಲಿಲ್ಲ. ಮೊದಲ ಗಿರಾಕಿ ಎದುರಿನ ಗ್ಯಾರೇಜಿನ ಮೆಕ್ಯಾನಿಕ್. ಅವನಿಗೆ ದುಬೈಯಲ್ಲಿ ಕೆಲಸ ಸಿಕ್ಕಿತ್ತು, ವೀಸಾ ಈಮೇಲಿನಲ್ಲಿ ಬಂದಿತ್ತು. ಅದರ ಪ್ರಿಂಟ್ ತೆಗೆದುಕೊಂಡು ನಾಲ್ಕು ಗಂಟೆಯ ಹುಬ್ಬಳ್ಳಿ ಬಸ್ಸು ಹಿಡಿದರೆ ಮುಂಬೈಗೆ ರೈಲು ಸಿಗುತ್ತಿತ್ತು. ಮರುದಿನ ಕಾಗದ ತಂದು ತೋರಿಸದಿದ್ದರೆ ಬೇರೆಯವನನ್ನು ಕಳಿಸುತ್ತೇನೆಂದು ಅಲ್ಲಿನ ಏಜೆಂಟ್ ಹೇಳಿದ್ದ. ಮೆಕ್ಯಾನಿಕನ ಚೀಲ ಆಗಲೇ ನನ್ನ ಬೆಂಚಿನ ಮೇಲಿತ್ತು.

ಪ್ರತಿ ಸೈಟಿನ ಹೆಸರಿನ ಹಿಂದೆ ಅಂಕಿಯ ವಿಳಾಸವೊಂದು ಇರುತ್ತದೆ. ಆ ಅಂಕಿ ಹೊಡೆದು ಕರೆದರೆ ದೂರದ ಮಷಿನ್ ಓಗೊಡುತ್ತಿತ್ತು. ಹೆಸರು ಹೊಡೆದರೆ ಇಲ್ಲ. ಅಂದರೆ ದಾರಿ ಸರಿಯಿದೆ, ಹೆಸರಿಗೆ ಅಂಕಿ ಹುಡುಕಿಕೊಡುವವರು ಇಲ್ಲ. ಆ ಕೆಲಸ ಮೂಲೆಯ ಮಷಿನಿನದು. ತಪ್ಪು ನನ್ನ ಮಷಿನಿನದೇ ಎಂದು ಐದು ನಿಮಿಷದಲ್ಲಿ ಗೊತ್ತಾಯಿತು.

“ಲೈನ್ ಕೆಟ್ಟೈತಿ ಭಾಯ್,” ಎಂದೆ.

ಪಾಪ, ಅವನು ಟೆಲಿಫೋನ್ ಆಫೀಸಿಗೆ ನಡೆದ. ಅವನು ಬರುವುದರೊಳಗೆ ಸರಿಮಾಡಿದರೆ ಮಾನ ಉಳಿಯುತ್ತದೆ ಎಂದು ಕುಳಿತೆ. ಹೆಸರಿನ ಅಂಕಿ ಯಾರನ್ನು ಕೇಳಬೇಕೆಂದು ಬರೆದಿಟ್ಟ ಫೈಲು ತೆರೆದೆ, ಎಲ್ಲ ಮೊದಲಿನಂತೆಯೇ ಇತ್ತು. ಮೋಡೆಮ್ ಕಿತ್ತು ಜೋಡಿಸಿದೆ. ಹುಬ್ಬಳ್ಳಿಯ ಗೆಳೆಯನಿಗೆ ಫೋನ್ ಹಚ್ಚಿದರೆ ಅವನು ಮನೆಯಲ್ಲಿರಲಿಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕೋಣವೆಂದರೆ ಕೆಟ್ಟಿರುವುದೇ ಅದು. ಬೀಗ ಹಾಕಿ ಓಡಿಹೋಗಬೇಕೆನಿಸಿತು. ಆದರೆ ಮೆಕ್ಯಾನಿಕನ ಚೀಲ ಅಲ್ಲೇ ಇತ್ತು.

ಮೂರೂವರೆ ದಾಟಿದ ಮೇಲೆ ಬಂದ. “ಲೈನ್ ಚೊಲೋ ಐತಂತ್ರೀ.” ದನಿಯಲ್ಲಿ ಸಿಟ್ಟಿರಲಿಲ್ಲ. ಪಕ್ಕ ಕುಳಿತು, ತನ್ನ ಗ್ಯಾರೇಜಿಗೆ ಬಂದವರನ್ನು ಕೇಳುವಂತೆ ಕೇಳಿದ: “ಕೆಡೂ ಮೊದಲ ಇದಕ್ಕ ಏನ್ ಮಾಡಿದ್ರಿ?”

“ಏನಿಲ್ಲ. ಖಂಡೇ ಪೂಜಾ ಮಾಡೇನಿ, ಅಷ್ಟ.”

“ಪೂಜಾಕ್ಕ ಬಂದ್ ಮಾಡಿದ್ರೇನು?”

ಮಾಡಿದ್ದೆ. ಖಂಡೇ ಪೂಜೆ ಎಂದರೆ ಆಯುಧಪೂಜೆ, ನಮ್ಮ ಕಡೆ ಆ ದಿನ ಯಾವ ಯಂತ್ರವೂ ನಡೆಯಬಾರದು. ಆರಿಸಿ, ಒರೆಸಿ, ಕುಂಕುಮ ಹಚ್ಚಿ ಕೈಮುಗಿಯಬೇಕು. ಕರೆಂಟು ಹೋದರೂ ಬ್ಯಾಟರಿಯ ಮೇಲೆ ಎಂಟು ತಿಂಗಳು ಒಮ್ಮೆಯೂ ಆರದಿದ್ದ ಮಷಿನನ್ನು ನಾನೇ ಆರಿಸಿದ್ದೆ. ಹೆಸರಿಗೆ ಅಂಕಿ ಹುಡುಕುವ ಪ್ರೋಗ್ರಾಮನ್ನು ಎಂಟು ತಿಂಗಳ ಹಿಂದೆ ಕೈಯಾರೆ ಶುರುಮಾಡಿದವನು, ಮಷಿನ್ ಎದ್ದಾಗ ಅದೂ ಏಳುವಂತೆ ಬರೆದಿಟ್ಟಿರಲಿಲ್ಲ. ಒಂದು ಸಾಲು ಹೊಡೆದೆ. ಸೈಟು ತೆರೆಯಿತು.

ತೆರೆಯಿತು ಎಂದರೆ ಆಗಿನ ವೇಗದಲ್ಲಿ. ವೀಸಾದ ಚಿತ್ರ ಬೆರಳಗಲ ಬೆರಳಗಲ ಇಳಿಯಿತು. ಪ್ರಿಂಟರಿನಿಂದ ಕಾಗದ ಹೊರಬರುವಾಗ ಬಸ್ಸಿನ ಹಾರ್ನ್ ಕೇಳಿಸಿತು. ಚೀಲ ಎತ್ತಿಕೊಂಡು ಓಡಿದ. ಐದು ನಿಮಿಷಕ್ಕೆ ಅದೇ ಚೀಲದೊಂದಿಗೆ ವಾಪಸ್ಸು ಬಂದ.

“ಲೈನ್ ಅಲ್ಲಂತ ನಿಮಗ ಮೊದಲ ಗೊತ್ತಿತ್ತೇನ್ರಿ?”

“ಪ್ರಿಂಟಿಂದು ರೊಕ್ಕ ಬ್ಯಾಡ,” ಎಂದೆ. ಅದೇ ಉತ್ತರವಾಯಿತು.

ಮರುದಿನ ಅವನು ಎದುರಿನ ಗ್ಯಾರೇಜನ್ನು ಎಂದಿನಂತೆ ತೆರೆದ. ನಾನು ಅಂಗಡಿ ಮುಚ್ಚುವವರೆಗೂ ಪ್ರತಿ ಖಂಡೇ ಪೂಜೆಗೆ ಪ್ರಸಾದಕ್ಕೆಂದು ಬರುತ್ತಿದ್ದ, ಮೂಲೆಯ ಮಷಿನ್ ನೋಡಿ ಒಂದೇ ಮಾತು ಹೇಳುತ್ತಿದ್ದ.

“ಅದನ್ನ ಬಂದ್ ಮಾಡಬ್ಯಾಡ್ರಿ ಸರ್. ನಾಳೆ ಯಾರರ ಊರಿಗೆ ಹೊಂಟಿರ್ತಾರ.”