ತಾನೇ ತೂಗುವ ತೊಟ್ಟಿಲು

ಇಂದಿರಾನಗರದ ಅಂಗಡಿಯೊಂದರಲ್ಲಿ ಮೊನ್ನೆ ನಾನು ಖಾಲಿ ತೊಟ್ಟಿಲು ತೂಗುವುದನ್ನು ಕಂಡು ಕಿರುಚಿಕೊಂಡೆ. ಉತ್ಪ್ರೇಕ್ಷೆಯಲ್ಲ, ಪಕ್ಕದಲ್ಲಿ ಹಾಲಿನ ಬಾಟಲಿ ಆರಿಸುತ್ತಿದ್ದ ಹೆಂಗಸು ಬೆಚ್ಚಿ ತಿರುಗಿ ನೋಡಿದಳು. ಅಂಗಡಿಯ ಹುಡುಗಿ ಗುಂಡಿ ಒತ್ತಿದ್ದಳು, ಅಷ್ಟೆ. ಬಿಳಿ ಜಾಲರಿಯ ಆ ಪುಟ್ಟ ಮಂಚ ಯಾರೂ ಮುಟ್ಟದೆ ಎಡಕ್ಕೂ ಬಲಕ್ಕೂ ಅಲುಗಾಡತೊಡಗಿತು. ಒಳಗಿನಿಂದ ‘ಶ್... ಶ್...’ ಎಂಬ ಸದ್ದು ಬೇರೆ.

“ಖಾಲಿ ತೊಟ್ಟಿಲು ತೂಗ್ಬಾರ್ದಮ್ಮ, ನಿಲ್ಸು, ನಿಲ್ಸು!” ಎಂದೆ. ಏಳು ತಿಂಗಳ ಬಸುರಿ ನನ್ನ ಮಗಳು ಶ್ರುತಿ ನಾಚಿಕೆಯಿಂದ ಫೋನಿನೊಳಗೆ ಮುಖ ಹುದುಗಿಸಿದಳು. ಅಂಗಡಿಯ ಹುಡುಗಿ ಜಾಣೆ. “ಸಾರಿ ಆಂಟಿ” ಎಂದು ನಕ್ಕು, ಒಂದು ಪ್ಲಾಸ್ಟಿಕ್ ಬೊಂಬೆ ತಂದು ಮಲಗಿಸಿ, ಅದಕ್ಕೆ ಬೆಲ್ಟು ಬಿಗಿದು, ಮತ್ತೆ ಗುಂಡಿ ಒತ್ತಿದಳು. ಶಾಸ್ತ್ರಕ್ಕೆ ಭಂಗ ಬರಲಿಲ್ಲ. ನನಗೆ ಸಮಾಧಾನವೂ ಆಗಲಿಲ್ಲ.

ನಿಮ್ಮ ಮನೆಯಲ್ಲಿ ಇತ್ತೀಚೆಗೆ ಯಾರಿಗೂ ಮಗುವಾಗಿಲ್ಲದಿದ್ದರೆ ಈ ಯಂತ್ರದ ಮಹಿಮೆ ನಿಮಗೆ ಗೊತ್ತಿರಲಾರದು. ಮಗು ಅತ್ತರೆ ಇದಕ್ಕೆ ಕೇಳಿಸುತ್ತದೆ. ಕೇಳಿಸಿದ ಕೂಡಲೇ ತೂಗುತ್ತದೆ. ಇನ್ನೂ ಅತ್ತರೆ ಇನ್ನೂ ಜೋರಾಗಿ ತೂಗುತ್ತದೆ. ಆಗಲೂ ಸುಮ್ಮನಾಗದಿದ್ದರೆ ಸೋಲೊಪ್ಪಿಕೊಂಡು ತಾಯಿಯ ಫೋನಿಗೆ ಸುದ್ದಿ ಮುಟ್ಟಿಸುತ್ತದೆ. ಬೆಲೆ ಮಾತ್ರ ಕೇಳಬೇಡಿ. ನನಗೆ ಮದುವೆಯಾದ ವರ್ಷ ಅಷ್ಟು ದುಡ್ಡಿಗೆ ಮಹದೇವಪುರದಲ್ಲಿ ಒಂದು ಸೈಟು ಬರುತ್ತಿತ್ತು. ಅಷ್ಟು ಕೊಟ್ಟರೂ ಐದಾರು ತಿಂಗಳಷ್ಟೇ ಅದರ ಆಯುಸ್ಸು. ಮಗು ಮಗ್ಗುಲಾಗುವುದನ್ನು ಕಲಿತ ದಿನ ಇದನ್ನು ಎತ್ತಿಡಬೇಕು.

ಈಗ ಅದೇ ಮಹದೇವಪುರದ ಅಪಾರ್ಟ್‌ಮೆಂಟಿನಲ್ಲಿರುವ ಮಗಳು ಕ್ಯಾಬಿನಲ್ಲಿ ಬರುವಾಗ ನಿಧಾನವಾಗಿ ಹೇಳಿದಳು: “ನೀನು ಆರು ತಿಂಗಳು ಬಂದು ಇರ್ತೀಯ ಅಂದ್ರೆ ಇದು ಬೇಡ ಬಿಡಮ್ಮ. ಸುಮ್ನೆ ದಂಡ.”

ನೋಡಿ, ಪ್ರಶ್ನೆ ಎಲ್ಲಿಂದ ಎಲ್ಲಿಗೆ ಬಂತು! ಯಂತ್ರ ಒಳ್ಳೆಯದೋ ಕೆಟ್ಟದ್ದೋ ಎಂದು ನೋಡಲು ಹೋದವಳು ನಾನು. ಈಗ ಯಂತ್ರವೋ ನಾನೋ ಎಂದಾಯಿತು. ವಿಮಾ ಕಚೇರಿಯಿಂದ ನಿವೃತ್ತಳಾಗಿ ಎಂಟು ತಿಂಗಳಾಗಿದೆ. ಬೆಳಗಿನ ಕಾಫಿಯನ್ನು ಕೂತು ಕುಡಿಯುವುದನ್ನು ಈಗಷ್ಟೇ ಕಲಿಯುತ್ತಿದ್ದೇನೆ. ಯೋಚಿಸಿ ಹೇಳುತ್ತೇನೆಂದೆ. ತಾಯಿಯಾದವಳು ಇದಕ್ಕೂ ಯೋಚಿಸುತ್ತಾಳೆಯೇ ಎಂದು ನಿಮಗೆ ಅನಿಸಿರಬಹುದು. ಮಗಳಿಗೂ ಹಾಗೇ ಅನಿಸಿತು, ಮುಖದಲ್ಲಿ ಕಂಡಿತು.

ಸಂಜೆ ಜೋಗುಪಾಳ್ಯದಲ್ಲಿ ತಮ್ಮನ ಮನೆಯಲ್ಲಿರುವ ನನ್ನ ಅಮ್ಮನಿಗೆ ಫೋನ್ ಮಾಡಿದೆ. ಎಂಬತ್ತನಾಲ್ಕು ದಾಟಿದರೂ ಅಮ್ಮನ ತೀರ್ಪಿಗೆ ಮೇಲ್ಮನವಿಯಿಲ್ಲ.

“ದುಡ್ಡು ಹೆಚ್ಚಾಗಿದೆಯೇನೇ ನಿಮಗೆ? ನಾವೇನು ಮೆಷೀನ್ ಇಟ್ಕೊಂಡು ಸಾಕಿದ್ವಾ? ನಾಲ್ಕು ಮಕ್ಕಳನ್ನೂ ಸೀರೇಲೇ ತೂಗಿದ್ವಿ.”

“ನಾವು ಅಂದ್ರೆ ಯಾರಮ್ಮ?”

“ನಾವು ಅಂದ್ರೆ ನಾವು.” ಮತ್ತೆ ತಾನೇ, “ಗೌರೀನೂ ಇದ್ಲು ಅನ್ನು. ಅವಳಿಗೇನು ಬೇರೆ ಕೆಲಸ ಇತ್ತಾ?” ಎಂದಳು.

ಗೌರಿ ಎಂದರೆ ನನ್ನ ಅಪ್ಪನ ತಂಗಿ, ನಮ್ಮ ಗೌರತ್ತೆ. ಇಪ್ಪತ್ತಕ್ಕೆ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ಒಂದು ಟ್ರಂಕಿನೊಡನೆ ಅಣ್ಣನ ಮನೆಗೆ ಮರಳಿದವಳು. ಜೋಗುಪಾಳ್ಯದ ಆ ಒಂದೂವರೆ ಕೋಣೆಯ ಮನೆಯಲ್ಲಿ ತೊಲೆಗೆ ಕಟ್ಟಿದ ಸೀರೆಯ ಜೋಲಿ ಹತ್ತು ವರ್ಷ ಬಿಚ್ಚಲೇ ಇಲ್ಲ, ನಾವು ನಾಲ್ವರು ಸಾಲಾಗಿ ಹುಟ್ಟಿದೆವಲ್ಲ! ಅತ್ತೆ ಗೋಡೆಗೊರಗಿ ಕೂತು ಊದಿನಕಡ್ಡಿ ಹೊಸೆಯುತ್ತಿದ್ದಳು. ಜೋಲಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಅವಳ ಬಲಗಾಲ ಹೆಬ್ಬೆರಳಿಗೆ. ಕೈ ಕಡ್ಡಿ ಹೊಸೆಯುತ್ತಿತ್ತು, ಕಾಲು ಮಗು ತೂಗುತ್ತಿತ್ತು, ಬಾಯಿ ನಮಗೆ ಮಗ್ಗಿ ಹೇಳಿಕೊಡುತ್ತಿತ್ತು. ಹೊಸೆದ ಕಡ್ಡಿಯ ದುಡ್ಡು ಮನೆಯ ಖರ್ಚಿಗೆ ಹೋಗುತ್ತಿತ್ತು. ಬಿಟ್ಟಿ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಹಾಗೆ ಸಿಕ್ಕವಳು ಗೌರತ್ತೆ.

ಹಗ್ಗ ಬಿಚ್ಚಿದ ಮೇಲೂ ಆ ಕಾಲು ನಿಲ್ಲುತ್ತಿರಲಿಲ್ಲ. ಊಟಕ್ಕೆ ಕೂತಾಗ, ಬಸ್ಸಿನಲ್ಲಿ ಕೂತಾಗ, ಮಧ್ಯಾಹ್ನ ಒರಗಿದಾಗ ಬಲಪಾದ ತನ್ನಷ್ಟಕ್ಕೆ ಹಿಂದಕ್ಕೂ ಮುಂದಕ್ಕೂ ಆಡುತ್ತಿತ್ತು. “ಅತ್ತೆ, ಯಾರನ್ನ ತೂಗ್ತಿದ್ದೀಯ?” ಎಂದು ನಾವು ಮಕ್ಕಳೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಅವಳೂ ನಗುತ್ತಿದ್ದಳು. ಇವತ್ತು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ.

ನಾವು ಬೆಳೆದೆವು. ನಲವತ್ತು ದಾಟಿದ ಮೇಲೆ ಅತ್ತೆಗೆ ಒಂದು ಕೆಲಸ ಸಿಕ್ಕಿತು. ರಿಚರ್ಡ್ಸ್ ಟೌನಿನ ಒಂದು ನರ್ಸರಿ ಶಾಲೆಯಲ್ಲಿ ಆಯಾ. ಮಕ್ಕಳ ಮೂಗೊರೆಸುವ ಕೆಲಸವೇ, ಆದರೆ ಸಂಬಳ ಅವಳ ಕೈಗೆ ಬರುತ್ತಿತ್ತು, ಭಾನುವಾರ ರಜೆಯಿತ್ತು. ತಿಳಿನೀಲಿ ಸೀರೆ ಉಟ್ಟು, ಆಟದ ಸಾಮಾನಿನ ಬೀರುವಿನ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರೆ ಬೀದಿಯವರೆಲ್ಲ ನೋಡಬೇಕು. ತಮಿಳಿನ ಮಕ್ಕಳನ್ನು “ವಾಡಾ ಕಣ್ಣಾ” ಎಂದು ಕರೆಯುವುದನ್ನೂ, ಉರ್ದು ಮಾತಾಡುವ ಮಕ್ಕಳನ್ನು “ಇಧರ್ ಆವ್ ಬೇಟಾ” ಎಂದು ಕರೆಯುವುದನ್ನೂ ಐವತ್ತರ ಹತ್ತಿರದಲ್ಲಿ ಕಲಿತು ನಮ್ಮೆದುರು ಹೇಳಿ ತೋರಿಸುತ್ತಿದ್ದಳು. ಅವಳು ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಆಗ ಶ್ರುತಿ ಹುಟ್ಟಿದಳು. ನಾವು ಕೆ.ಆರ್. ಪುರದ ಬಾಡಿಗೆ ಮನೆಯಲ್ಲಿದ್ದೆವು. ಹೆರಿಗೆ ರಜೆ ಮುಗಿಯುತ್ತಿತ್ತು. ಗಂಡನ ಮನೆಯ ಕಡೆಯಿಂದ ಬರುವವರಿಲ್ಲ, ಅಮ್ಮನಿಗೆ ಮಂಡಿನೋವು. ನಾನು ಜೋಗುಪಾಳ್ಯಕ್ಕೆ ಹೋಗಿ ಗೌರತ್ತೆಯ ಮುಂದೆ ಕೂತೆ.

“ಆಗಲ್ಲ ಕಣೇ,” ಎಂದಳು ಅತ್ತೆ. “ನನಗೆ ಸ್ಕೂಲಿದೆ.”

ಜೀವಮಾನದಲ್ಲಿ ಅವಳು ಆಗುವುದಿಲ್ಲ ಎಂದಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನಾನೇನು ಮಾಡಿದೆ ಗೊತ್ತೇ? ಅತ್ತುಬಿಟ್ಟೆ. ಚೆನ್ನಾಗಿ ಅತ್ತು, “ಒಂದೇ ತಿಂಗಳು ಅತ್ತೆ, ಅಷ್ಟರಲ್ಲಿ ಯಾರನ್ನಾದ್ರೂ ಹುಡುಕ್ತೀನಿ” ಎಂದೆ. ಅವಳು ಶಾಲೆಯಲ್ಲಿ ಒಂದು ತಿಂಗಳ ರಜೆ ಕೇಳಿ ಬಂದಳು. ಬಂದವಳೇ ಸೂರಿನ ಕೊಕ್ಕೆಗೆ ತನ್ನ ಹಳೆಯ ಸೀರೆ ಕಟ್ಟಿ, ಹಗ್ಗ ಹುಡುಕಿದಳು. ನಾನು ಯಾರನ್ನೂ ಹುಡುಕಲಿಲ್ಲ.

ತಿಂಗಳು ತುಂಬುವ ಹೊತ್ತಿಗೆ, ಒಂದು ಶುಕ್ರವಾರ, ಶಾಲೆಯ ಹೆಡ್‌ಮಿಸ್ ನನ್ನ ಆಫೀಸಿಗೆ ಫೋನ್ ಮಾಡಿದರು. ನಮ್ಮ ಮನೆಯಲ್ಲಿ ಫೋನಿರಲಿಲ್ಲ, ಅತ್ತೆ ನನ್ನ ನಂಬರು ಕೊಟ್ಟಿದ್ದಳು. “ಗೌರಮ್ಮಂಗೆ ಹೇಳಿ, ಸೋಮವಾರ ಬರ್ಲೇಬೇಕು. ಇಲ್ದಿದ್ರೆ ಬೇರೆಯವರನ್ನ ತಗೋತೀವಿ, ನಮಗೂ ಕಷ್ಟ” ಎಂದರು. ಒಳ್ಳೆಯ ಹೆಂಗಸು, ಮೊದಲೇ ತಿಳಿಸಿದರು. “ಹೇಳ್ತೀನಿ ಮೇಡಂ” ಎಂದೆ.

ಹೇಳಿದೆ. ಬುಧವಾರ ಹೇಳಿದೆ.

ಮಧ್ಯಾಹ್ನ ಬೇಗ ಮನೆಗೆ ಬಂದಿದ್ದೆ. ಅತ್ತೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು, ಜೋಲಿಯಲ್ಲಿ ಶ್ರುತಿ ಮಲಗಿದ್ದಳು. ಕೆಲಸದ ಗಡಿಬಿಡಿಯಲ್ಲಿ ಮರೆತೆನೆಂದೆ. ಅತ್ತೆಯ ಕೈ ನಿಂತಿತು. “ಸೋಮವಾರ ಹೋಗ್ಬಿಡ್ತಲ್ಲೇ,” ಎಂದಳು. ಕಾಲು ಮಾತ್ರ ನಿಲ್ಲಲಿಲ್ಲ, ನಿಂತರೆ ಮಗು ಏಳುತ್ತಿತ್ತು. ಮಾರನೆಯ ದಿನ ರಿಚರ್ಡ್ಸ್ ಟೌನಿಗೆ ಹೋಗಿ ಬೀಗದ ಕೈ ಕೊಟ್ಟು ಬಂದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಅದೃಷ್ಟ ಕೆಟ್ಟವರ ಮಾತು. ಅವಳ ತುತ್ತು ಬಾಯಿಗೆ ಬಂದಿತ್ತು, ನಾನು ಕಿತ್ತುಕೊಂಡೆ. ಒಂದು ತಿಂಗಳಿಗೆಂದು ಬಂದವಳು ನಾಲ್ಕು ವರ್ಷ ಇದ್ದಳು. ನನಗೆ ಎರಡು ಬಡ್ತಿ ಸಿಕ್ಕವು. ಅವಳು ತೀರಿಕೊಂಡು ಒಂಬತ್ತು ವರ್ಷವಾಯಿತು. ನಾನು ಮರೆತಿರಲಿಲ್ಲವೆಂಬುದು ಅವಳಿಗೆ ಗೊತ್ತಿತ್ತೇ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ಇಷ್ಟೆಲ್ಲ ಗೊತ್ತಿದ್ದವಳು ಯಂತ್ರದ ಬೆಲೆ ಹೆಚ್ಚಾಯಿತೆಂದು ಯಾವ ಬಾಯಲ್ಲಿ ಹೇಳಲಿ? ಅದರಲ್ಲಿ ಮಗು ಚೆನ್ನಾಗಿ ಮಲಗುತ್ತದೋ ಇಲ್ಲವೋ ನನಗೆ ತಿಳಿಯದು. ಸಹೋದ್ಯೋಗಿಯೊಬ್ಬರ ಮೊಮ್ಮಗ ಅದರಲ್ಲಿ ಮಲಗಿಸಿದ ಕೂಡಲೇ ಬೊಬ್ಬೆ ಹೊಡೆಯುತ್ತಿದ್ದನಂತೆ. ಇನ್ನೊಬ್ಬರದು ಬಾಡಿಗೆಗೆ ತಂದ ತೊಟ್ಟಿಲು, ಮಗು ಸುಖವಾಗಿ ನಿದ್ದೆ ಮಾಡಿತಂತೆ.

ನಿನ್ನೆ ಬೆಳಿಗ್ಗೆ ಮಗಳಿಗೆ ಫೋನ್ ಮಾಡಿ, “ತಗೋ ಶ್ರುತಿ. ಬಾಡಿಗೆಗೆ ಸಿಕ್ಕರೆ ಬಾಡಿಗೆಗೆ ತಗೋ. ಬಾಣಂತನ ನಾನು ಮಾಡ್ತೀನಿ. ಆಮೇಲೆ ವಾರಕ್ಕೆರಡು ದಿನ ಬರ್ತೀನಿ, ಸಂಜೆ ವಾಪಸ್ ಹೋಗ್ತೀನಿ” ಎಂದೆ.

ಅವಳೆಂದಳು: “ಆಯ್ತು ಬಿಡು. ಗೌರಜ್ಜಿ ಇದ್ದಿದ್ರೆ ಕರೀದೇನೇ ಬಂದಿರೋಳು.”

ಚುಚ್ಚಬೇಕೆಂದೇ ಹೇಳಿದ ಮಾತು. ಚುಚ್ಚಿತು, ಆದರೆ ಅವಳು ಗುರಿಯಿಟ್ಟ ಕಡೆಯಲ್ಲಲ್ಲ.

“ಕರೀದೇ ಬರ್ಲಿಲ್ಲ ಕಣೇ ಅವಳು. ನಾನು ಹೋಗಿ ಕರೆದೆ, ಆಗಲ್ಲ ಅಂದ್ಲು. ಅಳ್ತಾ ಕೂತೆ, ಬಂದ್ಲು. ಕೆಲಸಕ್ಕೆ ವಾಪಸ್ ಬಾ ಅಂತ ಸ್ಕೂಲಿಂದ ಫೋನ್ ಬಂತು. ನಾನು ಅವಳಿಗೆ ಹೇಳ್ಲಿಲ್ಲ.” ಶುಕ್ರವಾರ, ಸೋಮವಾರ, ಬುಧವಾರ ಎಲ್ಲವನ್ನೂ ಹೇಳಿದೆ.

ಮಗಳು ನಾಲ್ಕು ವರ್ಷದ ಮಗುವಿನ ದನಿಯಲ್ಲಿ ಕೇಳಿದಳು: “ಹಾಗಾದ್ರೆ ಗೌರಜ್ಜಿಗೆ ನಾನಂದ್ರೆ ಇಷ್ಟ ಇರ್ಲಿಲ್ವಾ?”

“ಇಷ್ಟ ಇಲ್ದೇ ಏನು? ನೀನಂದ್ರೆ ಪ್ರಾಣ ಬಿಡೋಳು,” ಎಂದೆ. “ಅದು ಗೊತ್ತಿತ್ತು ಅಂತಲೇ ನಾನು ಅಷ್ಟು ಧೈರ್ಯವಾಗಿ ಸುಮ್ನಿದ್ದಿದ್ದು.”